ಓಡೋದು ಸರಿ, ವಾಪಸ್ ಬರುವಾಗ ಸ್ಟೇರಿಂಗ್ ಯಾರ ಕೈಯಲ್ಲಿ?

ನಮ್ಮ ಕ್ಯಾಂಪಸ್‌ಗೆ ಓಟದ ಜ್ವರ ಹತ್ತಿದೆ. ಮೊದಲೆಲ್ಲ ವೀಕೆಂಡ್ ಅಂದ್ರೆ ನಂದಿ ಬೆಟ್ಟ, ಇಲ್ಲಾಂದ್ರೆ ಹಾಸ್ಟೆಲ್ ರೂಮಲ್ಲಿ ಮಧ್ಯಾಹ್ನದವರೆಗೆ ನಿದ್ದೆ. ಈಗ ಶನಿವಾರ ಬೆಳಗ್ಗೆ ಐದಕ್ಕೇ ಗ್ರೌಂಡಲ್ಲಿ ಜನ ಸಿಗ್ತಾರೆ. ಬೆಂಗಳೂರಿನ ವರ್ಲ್ಡ್ 10ಕೆ ಓಡಿದವರು ಮುಂದಿನ ವರ್ಷ ಹಾಫ್ ಮ್ಯಾರಥಾನ್ ಅಂತಾರೆ, ಹಾಫ್ ಮುಗಿಸಿದವರು ಫುಲ್ ಅಂತಾರೆ. ಊರೊಳಗಿನ ಓಟ ಸಾಕಾದವರು ಕಾರು ಹತ್ತುತ್ತಾರೆ: ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಟ್ರೇಲ್, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ, ಜನವರಿಯಲ್ಲಿ ಮುಂಬೈ. ಐದು ಜನ ಫ್ರೆಂಡ್ಸ್, ಒಬ್ಬರ ಅಪ್ಪನ ಕಾರು, ಒಂದು ಪ್ಲೇಲಿಸ್ಟ್, ಭಾನುವಾರ ಸಂಜೆ ಕೊರಳಲ್ಲಿ ಮೆಡಲ್. ಇದಕ್ಕಿಂತ ಒಳ್ಳೆ ವೀಕೆಂಡ್ ಇನ್ನೇನಿದೆ?

ನಾವು ಇದರ ವಿರುದ್ಧ ಬರೀತಿಲ್ಲ. ಮೊಬೈಲ್ ಬಿಟ್ಟು ಎರಡು ಗಂಟೆ ಬೆವರು ಸುರಿಸೋ ಯಾವ ಕೆಲಸವೂ ನಮ್ಮ ವಯಸ್ಸಿಗೆ ಒಳ್ಳೆಯದೇ. ಆದರೆ ಇಂಥ ಟ್ರಿಪ್‌ಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ನಾವು ಗಮನಿಸಿದ ಒಂದು ವಿಷಯ ಇದೆ. ಯಾವ ಶೂ, ಎಷ್ಟು ಜೆಲ್, ಯಾವ ಪೇಸ್, ಹಿಂದಿನ ರಾತ್ರಿ ಪಾಸ್ತಾನೋ ಅನ್ನ ಸಾರೋ, ಇವೆಲ್ಲದರ ಬಗ್ಗೆ ನೂರಾರು ಮೆಸೇಜ್ ಇರುತ್ತೆ. 'ಓಡಿ ಮುಗಿಸಿದ ಮೇಲೆ ಕಾರನ್ನ ವಾಪಸ್ ಯಾರು ಓಡಿಸ್ತಾರೆ?' ಅನ್ನೋ ಪ್ರಶ್ನೆ ಮಾತ್ರ ಇರಲ್ಲ. ಯಾರ ಕಾರೋ ಅವರೇ ಓಡಿಸ್ತಾರೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ.

ಆ ಒಂದು ಪ್ರಶ್ನೆ ಇಡೀ ಟ್ರಿಪ್‌ನ ಅತಿ ಮುಖ್ಯ ಪ್ರಶ್ನೆ ಅನ್ನೋದು ನಮ್ಮ ವಾದ. ಮ್ಯಾರಥಾನ್ ವೀಕೆಂಡ್‌ನಲ್ಲಿ ಅಪಾಯ ಇರೋದು ಓಡುವ 42 ಕಿಲೋಮೀಟರ್‌ನಲ್ಲಿ ಅಲ್ಲ, ವಾಪಸ್ ಬರುವ 120 ಕಿಲೋಮೀಟರ್‌ನಲ್ಲಿ.

ಮೊದಲು ಓಟದ ಭಯ

ಮ್ಯಾರಥಾನ್ ಅಂದ ಕೂಡಲೇ ದೊಡ್ಡವರು ಹೇಳೋದು ಹಾರ್ಟ್ ಅಟ್ಯಾಕ್ ಬಗ್ಗೆ. ಈ ಭಯಕ್ಕೆ ಹಳೇ ಬೇರು ಇದೆ. ಮ್ಯಾರಥಾನ್ ಯುದ್ಧಭೂಮಿಯಿಂದ ಅಥೆನ್ಸ್‌ವರೆಗೆ ಓಡಿ ಬಂದು, ಗೆಲುವಿನ ಸುದ್ದಿ ಹೇಳಿ ಅಲ್ಲೇ ಬಿದ್ದು ಸತ್ತ ಅನ್ನೋ ಫಿಡಿಪ್ಪಿಡಿಸ್‌ನ ದಂತಕಥೆಯಿಂದಲೇ ಈ ಓಟ ಹುಟ್ಟಿದ್ದು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅದು ಸ್ಪರ್ಧೆ ಆಯ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ 26 ಮೈಲಿ 385 ಗಜವನ್ನೇ 1921ರಲ್ಲಿ ಅಧಿಕೃತ ದೂರ ಅಂತ ಒಪ್ಪಿಕೊಂಡರು. ಅದೇ ಇವತ್ತಿನ 42.195 ಕಿಲೋಮೀಟರ್.

ಈ ಹುಚ್ಚು ನಮ್ಮ ಕಡೆಗೂ ಹೊಸದಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಭಾರತದ ಪರ ಓಡಿ 19ನೇ ಸ್ಥಾನ ಪಡೆದರು. ಟೈಮ್ 2 ಗಂಟೆ 50 ನಿಮಿಷ ಚಿಲ್ಲರೆ. ಆ ವರ್ಷದ ದೂರ 42.75 ಕಿಲೋಮೀಟರ್, ಅಂದ್ರೆ ಈಗಿನದಕ್ಕಿಂತ ಅರ್ಧ ಕಿಲೋಮೀಟರ್ ಜಾಸ್ತಿನೇ. ಜೆಲ್ ಇಲ್ಲ, ಜಿಪಿಎಸ್ ವಾಚ್ ಇಲ್ಲ, ಕಾರ್ಬನ್ ಪ್ಲೇಟ್ ಶೂ ಅಂತೂ ಇಲ್ಲವೇ ಇಲ್ಲ. ನಮ್ಮ ಗುಂಪಿನ ಯಾರಿಗೂ ಆ ಟೈಮ್ ಹತ್ತಿರ ಸುಳಿಯೋಕೂ ಆಗಲ್ಲ. ಆದರೂ ಪಠ್ಯಪುಸ್ತಕದಲ್ಲಾಗಲಿ ಕ್ವಿಜ್‌ನಲ್ಲಾಗಲಿ ಅವರ ಹೆಸರು ನಮಗೆ ಸಿಕ್ಕಿರಲಿಲ್ಲ.

ಸರಿ, ಓಟ ಎಷ್ಟು ಅಪಾಯ? ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಓಡಿದ ಸುಮಾರು 1.09 ಕೋಟಿ ಜನರ ಲೆಕ್ಕ ತೆಗೆದು ಒಂದು ಅಧ್ಯಯನ ಮಾಡಿದ್ರು. ಹೃದಯ ಸ್ತಂಭನ ಆದದ್ದು 59 ಜನರಿಗೆ. ಅಂದ್ರೆ ಸುಮಾರು 1,84,000 ಜನಕ್ಕೆ ಒಬ್ಬರು. ಹಾಗಂತ ತರಬೇತಿ ಇಲ್ಲದೆ ಓಡಿ ಅಂತಲ್ಲ. ಬಾಯಾರಿಕೆಗಿಂತ ಜಾಸ್ತಿ ನೀರು ಕುಡಿದು ರಕ್ತದ ಸೋಡಿಯಂ ಇಳಿಸಿಕೊಳ್ಳೋದು, ನೋವಿನ ಮಾತ್ರೆ ನುಂಗಿ ಓಡೋದು, ಜ್ವರ ಇದ್ದಾಗ ಓಡೋದು, ಇವೆಲ್ಲ ನಿಜವಾದ ಅಪಾಯಗಳೇ. ಆದರೆ ಇವುಗಳ ಬಗ್ಗೆ ಹೇಳೋರು ತುಂಬಾ ಜನ ಇದ್ದಾರೆ. ದಾರಿಯಲ್ಲಿ ವಾಲಂಟಿಯರ್‌ಗಳಿರ್ತಾರೆ, ನೀರಿನ ಟೇಬಲ್ ಇರುತ್ತೆ, ಆಂಬ್ಯುಲೆನ್ಸ್ ಇರುತ್ತೆ. ಬಿದ್ದರೆ ಎತ್ತೋಕೆ ಕಾಯ್ತಿರೋ ಜನರ ಮಧ್ಯೆ ನಾವು ಓಡ್ತೀವಿ.

ಇದೇ ವಿಷಯದಲ್ಲಿ ಇನ್ನೊಂದು ಅಧ್ಯಯನ ಇದೆ, ನಮಗೆ ತುಂಬಾ ಇಷ್ಟವಾದದ್ದು. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು. ಅಮೆರಿಕದ ದೊಡ್ಡ ಮ್ಯಾರಥಾನ್‌ಗಳ ಮೂವತ್ತು ವರ್ಷದ ಲೆಕ್ಕ, ಸುಮಾರು 33 ಲಕ್ಷ ಓಟಗಾರರು. ಅವರಲ್ಲಿ ಹಠಾತ್ ಹೃದಯಾಘಾತದಿಂದ ಸತ್ತವರು 26 ಜನ. ಸಂಶೋಧಕರು ಅಲ್ಲಿಗೇ ನಿಲ್ಲಿಸಲಿಲ್ಲ. ಅದೇ ದಿನ, ಅದೇ ಊರಲ್ಲಿ, ಓಟಕ್ಕಾಗಿ ರಸ್ತೆ ಮುಚ್ಚಿದ್ದ ಸಮಯದಲ್ಲಿ ವಾಹನ ಅಪಘಾತಗಳು ಎಷ್ಟು ಕಡಿಮೆ ಆದವು ಅಂತ ನೋಡಿದ್ರು. ಉಳಿದ ಜೀವಗಳು 46! ಅಂದ್ರೆ ಓಟ ತೆಗೆದುಕೊಂಡದ್ದಕ್ಕಿಂತ ಮುಚ್ಚಿದ ರಸ್ತೆ ಉಳಿಸಿದ್ದೇ ಜಾಸ್ತಿ.

ಇದನ್ನ ತಿರುಗಿಸಿ ಓದಿ. ಮ್ಯಾರಥಾನ್ ನಡೆಯೋ ರಸ್ತೆ ಸುರಕ್ಷಿತ, ಯಾಕಂದ್ರೆ ಅಲ್ಲಿ ಕಾರಿಲ್ಲ. ಓಟ ಮುಗಿದು ನಾವು ಕಾರು ಹತ್ತಿದ ಕ್ಷಣ ಆ ಸುರಕ್ಷತೆ ಮುಗೀತು.

ಭಾನುವಾರ ಮಧ್ಯಾಹ್ನದ ಲೆಕ್ಕ

ಶ್ರೀರಂಗಪಟ್ಟಣದ ಓಟಕ್ಕೆ ಬೆಂಗಳೂರಿನಿಂದ ಹೋಗೋ ಒಂದು ಸಾಮಾನ್ಯ ಗುಂಪಿನ ಲೆಕ್ಕ ಹಾಕೋಣ. ಶನಿವಾರ ಮಧ್ಯಾಹ್ನ ಹೊರಡೋದು. ದಾರಿಯಲ್ಲಿ ಬಿಡದಿ ತಟ್ಟೆ ಇಡ್ಲಿ. ಅಲ್ಲಿ ತಲುಪಿ ಗುಂಬಜ್, ನಿಮಿಷಾಂಬ ದೇವಸ್ಥಾನ, ಸಂಗಮ. ರಾತ್ರಿ ಊಟ, ಹರಟೆ, ಬಿಬ್‌ಗೆ ಪಿನ್ ಚುಚ್ಚಿ ಫೋಟೋ. ಮಲಗೋದು ಹನ್ನೊಂದೂವರೆಗೆ. ಟೆನ್ಷನ್‌ಗೆ ನಿದ್ದೆ ಹತ್ತೋದು ಹನ್ನೆರಡಕ್ಕೆ. ಅಲಾರಂ ಮೂರೂವರೆಗೆ. ಮೂರೂವರೆ ಗಂಟೆ ನಿದ್ದೆ. ಆಮೇಲೆ ಎರಡೂವರೆ ಗಂಟೆಯಿಂದ ಐದು ಗಂಟೆ ಓಟ. ಆಮೇಲೆ ಹೊಟ್ಟೆ ತುಂಬಾ ತಿಂಡಿ, ಇನ್ನೊಂದಿಷ್ಟು ಫೋಟೋ, ರೂಮ್ ಖಾಲಿ ಮಾಡಿ ಊಟ. ಕಾರು ಸ್ಟಾರ್ಟ್ ಆಗೋದು ಮಧ್ಯಾಹ್ನ ಎರಡಕ್ಕೆ.

ಮಧ್ಯಾಹ್ನ ಎರಡರಿಂದ ನಾಲ್ಕು, ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರಿಗೂ ತೂಕಡಿಕೆ ಬರೋ ಹೊತ್ತು. ನಮ್ಮ ದೇಹದ ಗಡಿಯಾರವೇ ಹಾಗಿದೆ. ಊಟ ಆದ ಮೇಲಿನ ಥರ್ಮೋಡೈನಾಮಿಕ್ಸ್ ಕ್ಲಾಸ್‌ನಲ್ಲಿ ಕೂತವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಅದರ ಮೇಲೆ ನಿದ್ದೆಯ ಸಾಲ, ಅದರ ಮೇಲೆ ಖಾಲಿಯಾದ ಮಾಂಸಖಂಡಗಳು. ಒಂದು ಕಿಲೋಮೀಟರ್ ಓಡೋಕೆ ದೇಹದ ಒಂದು ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು. 60 ಕಿಲೋ ಇರೋವರಿಗೆ ಫುಲ್ ಮ್ಯಾರಥಾನ್‌ಗೆ 2,500 ಕಿಲೋಕ್ಯಾಲರಿ. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಇರೋ ದಾಸ್ತಾನು ಸುಮಾರು 2,000. ಅದಕ್ಕೇ 30 ಕಿಲೋಮೀಟರ್ ದಾಟಿದ ಮೇಲೆ 'ಗೋಡೆ' ಸಿಗುತ್ತೆ ಅಂತ ಓಟಗಾರರು ಹೇಳೋದು. ಒಂದು ಪ್ಲೇಟ್ ಬಿಸಿಬೇಳೆಬಾತ್‌ನಿಂದ ಆ ದಾಸ್ತಾನು ಎರಡು ಗಂಟೆಯಲ್ಲಿ ವಾಪಸ್ ಬರಲ್ಲ.

ಅಮೆರಿಕದ ಎಎಎ ಫೌಂಡೇಷನ್ 2016ರಲ್ಲಿ ಅಪಘಾತಗಳ ಮಾಹಿತಿ ಇಟ್ಟುಕೊಂಡು ಒಂದು ಲೆಕ್ಕ ಕೊಟ್ಟಿತ್ತು. ಏಳು ಗಂಟೆ ಅಥವಾ ಜಾಸ್ತಿ ಮಲಗಿದ ಡ್ರೈವರ್‌ಗೆ ಹೋಲಿಸಿದರೆ, ಹಿಂದಿನ 24 ಗಂಟೆಯಲ್ಲಿ ನಾಲ್ಕರಿಂದ ಐದು ಗಂಟೆ ಮಾತ್ರ ಮಲಗಿದವರ ಅಪಘಾತದ ಪ್ರಮಾಣ 4.3 ಪಟ್ಟು. ನಾಲ್ಕು ಗಂಟೆಗಿಂತ ಕಡಿಮೆ ಮಲಗಿದವರದ್ದು 11.5 ಪಟ್ಟು. ನಮ್ಮ ಸಾಮಾನ್ಯ ಗುಂಪಿನ ಮೂರೂವರೆ ಗಂಟೆ ಯಾವ ಸಾಲಿಗೆ ಸೇರುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು, 1997ರ ಆಸ್ಟ್ರೇಲಿಯಾದ ಅಧ್ಯಯನ. 17 ಗಂಟೆ ಸತತ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05% ಆಲ್ಕೋಹಾಲ್ ಇರೋವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದ್ರೆ 0.03%. ಅರ್ಥ ಏನು? ಕುಡಿದು ಓಡಿಸೋದು ಅಪರಾಧ, ಮನೆಯಲ್ಲಿ ಗೊತ್ತಾದ್ರೆ ಕಥೆ ಮುಗೀತು. ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ನಿದ್ದೆಗೆಟ್ಟು ಓಡಿಸಿದರೆ ಅದು 'ಡೆಡಿಕೇಷನ್'. ಪೊಲೀಸರ ಹತ್ತಿರ ಕುಡಿತಕ್ಕೆ ಊದಿಸೋ ಮೆಷಿನ್ ಇದೆ, ನಿದ್ದೆಗೆ ಅಂಥ ಮೆಷಿನ್ ಇಲ್ಲ. ಹಾಗಾಗಿ ಚೆಕ್ ಮಾಡಬೇಕಾದವರು ನಾವೇ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಅಂದ್ರೆ ಸೆಕೆಂಡಿಗೆ 27.8 ಮೀಟರ್. ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟ್‌ನ ಉದ್ದ 28 ಮೀಟರ್. ಸೆಕೆಂಡಿಗೆ ಒಂದು ಕೋರ್ಟ್. ನಮಗೇ ಗೊತ್ತಾಗದ ಹಾಗೆ ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ ನಾಲ್ಕು ಕೋರ್ಟ್ ದೂರ ಕಾರನ್ನ ಯಾರೂ ಓಡಿಸ್ತಿರಲ್ಲ. ಬ್ರೇಕ್ ಕೂಡ ಬೀಳಲ್ಲ. ಸ್ಪೀಡು 80ರಿಂದ 100ಕ್ಕೆ ಹೋದರೆ ಚಲನ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ ಅನ್ನೋದು ಪಿಯುಸಿಯಲ್ಲೇ ಓದಿದ್ದು. ಎಕ್ಸಾಮಲ್ಲಿ ಬರೆದದ್ದನ್ನ ರಸ್ತೆಯಲ್ಲೂ ನೆನಪಿಟ್ಟುಕೊಳ್ಳಬೇಕಷ್ಟೇ.

ಈ ರಸ್ತೆಗೆ ಇನ್ನೊಂದು ಗುಣ ಇದೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲಾ ಊರುಗಳನ್ನೂ ಪಕ್ಕಕ್ಕೆ ಬಿಟ್ಟು ನೇರ ಹೋಗುತ್ತೆ. ಹಳೇ ರಸ್ತೆಯಲ್ಲಿ ಊರು, ಸಿಗ್ನಲ್, ಹಂಪ್, ಟೀ ಅಂಗಡಿ ನಮ್ಮನ್ನ ಎಬ್ಬಿಸ್ತಾ ಇದ್ವು. ಹೊಸದರಲ್ಲಿ ಬೇಲಿ, ಬಿಳಿ ಗೆರೆ, ಬೋರ್ಡ್ ಅಷ್ಟೇ. ಸಮಯ ಉಳಿಯುತ್ತೆ, ನಿಜ. ಆದರೆ ನಿದ್ದೆ ಬರ್ತಿರೋ ಡ್ರೈವರ್‌ಗೆ ಇದಕ್ಕಿಂತ ಒಳ್ಳೆ ಜೋಗುಳ ಇಲ್ಲ.

ನಾವು ಹೋಗಿದ್ದು ಹೇಗೆ

ನಾವು ಐದು ಜನ ಹೋಗಿದ್ವಿ. ನಾಲ್ಕು ಜನ ಹಾಫ್ ಓಡಿದ್ವಿ, ಒಬ್ಬ ಗೆಳತಿ ಓಡಲಿಲ್ಲ. ಅವಳೇ ಡ್ರೈವರ್. ಇದು ಹೊರಡೋಕೆ ಮೂರು ವಾರ ಮುಂಚೆನೇ ತೀರ್ಮಾನ ಆಗಿತ್ತು. ಇದರ ಕ್ರೆಡಿಟ್ ನಮಗಲ್ಲ, ಅವಳ ಅಮ್ಮನಿಗೆ. ಮನೆಗಳಲ್ಲಿ ಪರ್ಮಿಷನ್ ಕೇಳಿದಾಗ ಒಂದು ತಮಾಷೆ ನೋಡಿದ್ವಿ. '21 ಕಿಲೋಮೀಟರ್ ಓಡ್ತೀವಿ' ಅಂದಾಗ ಎಲ್ಲಾ ಅಪ್ಪ ಅಮ್ಮಂದಿರೂ ನಕ್ಕರು. 'ಕಾರಲ್ಲಿ ನಾವೇ ಹೋಗ್ತೀವಿ' ಅಂದಾಗ ಎಲ್ಲರೂ ಸುಮ್ಮನಾದ್ರು. ಸಂಶೋಧನೆ ಏನೂ ಓದದೆ ಅವರು ಸರಿಯಾದ ಜಾಗದಲ್ಲೇ ಹೆದರಿದ್ರು.

ಶನಿವಾರ ರಾತ್ರಿ ಅವಳು ಒಂಬತ್ತೂವರೆಗೆ ಮಲಗಿದಳು. ಬೆಳಗ್ಗೆ ನಾವು ಕತ್ತಲಲ್ಲೇ ಆಟೋ ಮಾಡ್ಕೊಂಡು ಸ್ಟಾರ್ಟಿಂಗ್ ಪಾಯಿಂಟ್‌ಗೆ ಹೋದ್ವಿ. ಅವಳನ್ನ ಎಬ್ಬಿಸಲಿಲ್ಲ.

ಓಟದ ಬಗ್ಗೆ ಹೇಳಲೇಬೇಕು, ಇಲ್ಲದಿದ್ದರೆ ಇದು ಟ್ರಾಫಿಕ್ ಪೊಲೀಸ್ ಪಾಂಪ್ಲೆಟ್ ಆಗಿಬಿಡುತ್ತೆ. ಕಾಲುವೆ ಪಕ್ಕದ ಮಣ್ಣಿನ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಕಬ್ಬು. ಹತ್ತಿರದಲ್ಲೇ ರಂಗನತಿಟ್ಟು ಇರೋದರಿಂದ ತಲೆ ಮೇಲೆ ಕೊಕ್ಕರೆಗಳ ಸಾಲು. ಡಾಂಬರಿನಷ್ಟು ಮೊಣಕಾಲಿಗೆ ಹೊಡೆತ ಬೀಳಲ್ಲ, ಆದರೆ ಕಲ್ಲು ನೋಡ್ಕೊಂಡು ಹೆಜ್ಜೆ ಇಡಬೇಕು. ಹಸು ಹಿಡ್ಕೊಂಡು ನಿಂತಿದ್ದ ಒಬ್ಬ ಅಜ್ಜ 'ಯಾಕ್ರಪ್ಪಾ, ಬಸ್ ತಪ್ಪೋಯ್ತಾ?' ಅಂತ ಕೇಳಿದ್ರು. ನಗು ಬಂದು ಪೇಸ್ ಹೋಯ್ತು. ಕೊನೇ ನಾಲ್ಕು ಕಿಲೋಮೀಟರ್ ಬಿಸಿಲು ಏರಿದಾಗ ಕಾಲು ನಮ್ಮದಲ್ಲ ಅನ್ನಿಸ್ತಿತ್ತು. ಮುಗಿಸಿದಾಗ ಆದ ಖುಷಿಗೆ ಸಿಜಿಪಿಎ ಸಮ ಅಲ್ಲ.

ಆಮೇಲೆ ನಡೆದದ್ದೇ ಈ ಲೇಖನಕ್ಕೆ ಕಾರಣ. ಮಧ್ಯಾಹ್ನ ಹೊರಟ್ವಿ. ಮಂಡ್ಯ ಬರೋ ಮುಂಚೆ, ಅಂದ್ರೆ ಅರ್ಧ ಗಂಟೆ ಒಳಗೆ, ನಾಲ್ಕಕ್ಕೆ ನಾಲ್ಕೂ ಜನ ನಿದ್ದೆ. ಮುಂದಿನ ಸೀಟಲ್ಲಿದ್ದವನು 'ಮಾತಾಡ್ತಾ ಇರ್ತೀನಿ' ಅಂತ ಮಾತು ಕೊಟ್ಟು ಕೂತಿದ್ದ, ಅವನೇ ಮೊದಲು ಔಟ್. ಮದ್ದೂರಲ್ಲಿ ಅವಳು ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ ವಡೆ-ಕಾಫಿಗೆ ಕಾರು ನಿಲ್ಲಿಸಿದಾಗಲೇ ನಮಗೆ ಎಚ್ಚರ. ಒಬ್ಬೊಬ್ಬರ ಹೆಸರು ಹಿಡಿದು ಕರೆದಳಂತೆ, ಯಾರೂ ಓ ಅನ್ನಲಿಲ್ಲ. ಕಾರಿಂದ ಇಳಿಯುವಾಗ ಒಬ್ಬನಿಗೆ ಮೀನಖಂಡ ಹಿಡಿದು ಎರಡು ನಿಮಿಷ ಬಾಗಿಲು ಹಿಡ್ಕೊಂಡು ನಿಂತಿದ್ದ.

ಈಗ ಯೋಚಿಸಿ. ಆ ನಾಲ್ಕು ಜನರಲ್ಲಿ ಯಾರಾದರೂ ಒಬ್ಬರು ಸ್ಟೇರಿಂಗ್ ಹಿಡಿದಿದ್ದರೆ? ಮೀನಖಂಡ ಹಿಡಿದದ್ದು ಬ್ರೇಕ್ ಮೇಲಿನ ಕಾಲಿಗೆ ಆಗಿದ್ದರೆ? ಆ ನಿದ್ದೆ ಬಂದದ್ದು ಸೋಮಾರಿತನದಿಂದಲ್ಲ, ಆ ದಿನ ಅಷ್ಟು ಓಡಿದ ಯಾವ ದೇಹಕ್ಕೂ ಬರಬೇಕಾದದ್ದೇ ಬಂತು. ಅದನ್ನ ಮೂರು ವಾರ ಮುಂಚೆ ಲೆಕ್ಕಕ್ಕೆ ತಗೊಂಡಿದ್ದಕ್ಕೆ ಅದು ಬರೀ ತಮಾಷೆಯಾಗಿ ಉಳೀತು.

ಓಟ ಕಲಿಸೋ ಪಾಠ, ರಸ್ತೆಗೆ ಬೇಡ

ಓಟಗಾರರಿಗೆ ನಾವು ಒಂದು ಮಾತು ಹೇಳಬೇಕು. ಮ್ಯಾರಥಾನ್ ಸಂಸ್ಕೃತಿ ಪೂರ್ತಿ ನಿಂತಿರೋದೇ 'ಸುಸ್ತನ್ನ ಕೇಳಬೇಡ, ಮುಂದೆ ಹೋಗು' ಅನ್ನೋದರ ಮೇಲೆ. 35ನೇ ಕಿಲೋಮೀಟರ್‌ನಲ್ಲಿ ದೇಹ ನಿಲ್ಲು ಅನ್ನುತ್ತೆ, ನಾವು ನಿಲ್ಲಲ್ಲ, ಅದಕ್ಕೇ ಮೆಡಲ್. ಅಲ್ಲಿ ಅದು ಸರಿ. ಅಲ್ಲಿ ಸುಸ್ತು ಗೆದ್ದರೆ ಆಗೋದು ಇಷ್ಟೇ: ನಾವು ನಡೀತೀವಿ, ಟೈಮ್ ಕೆಡುತ್ತೆ. ಸ್ಟೇರಿಂಗ್ ಹಿಂದೆ ಸುಸ್ತು ಗೆದ್ದರೆ ಹಾಗಲ್ಲ. ಹೋಗೋದು ನಮ್ಮ ಜೀವ ಮಾತ್ರವೂ ಅಲ್ಲ, ಹಿಂದೆ ಮಲಗಿರೋ ಮೂವರದ್ದು, ಎದುರಿಗೆ ಬರೋ ಇನ್ಯಾರದ್ದೋ. ಬೆಳಗ್ಗೆ ಕಲಿತ ಹಠವನ್ನೇ ಮಧ್ಯಾಹ್ನ ಕಾರಲ್ಲಿ ತೋರಿಸೋದು ನಮ್ಮ ವಯಸ್ಸಿನವರ ನಿಜವಾದ ಅಪಾಯ.

ಕೀನ್ಯಾದ ಕೆಲ್ವಿನ್ ಕಿಪ್ಟಮ್ 2023ರ ಅಕ್ಟೋಬರ್‌ನಲ್ಲಿ ಶಿಕಾಗೊದಲ್ಲಿ 2 ಗಂಟೆ 35 ಸೆಕೆಂಡ್‌ನಲ್ಲಿ ಮ್ಯಾರಥಾನ್ ಮುಗಿಸಿ ವಿಶ್ವದಾಖಲೆ ಮಾಡಿದ್ರು. ನಾಲ್ಕು ತಿಂಗಳ ನಂತರ, 2024ರ ಫೆಬ್ರವರಿ 11ರ ರಾತ್ರಿ, ತಮ್ಮ ಊರಿನ ಕಡೆಯ ರಸ್ತೆಯಲ್ಲಿ ತಾವೇ ಓಡಿಸ್ತಿದ್ದ ಕಾರಿನ ಅಪಘಾತದಲ್ಲಿ ತೀರಿಕೊಂಡರು. ಜೊತೆಗಿದ್ದ ಕೋಚ್ ಗೆರ್ವೈಸ್ ಹಕಿಜಿಮಾನಾ ಕೂಡ ಉಳಿಯಲಿಲ್ಲ. ಕಿಪ್ಟಮ್‌ಗೆ ಆಗ 24 ವರ್ಷ, ನಮ್ಮ ಸೀನಿಯರ್‌ಗಳಿಗಿಂತ ಎರಡು ವರ್ಷ ದೊಡ್ಡವರು. ನಾವು ಹೇಳೋದು ಇಷ್ಟು: ಜಗತ್ತಿನಲ್ಲಿ ಯಾರಿಗಿಂತಲೂ ಗಟ್ಟಿ ಹೃದಯ, ಯಾರಿಗಿಂತಲೂ ಗಟ್ಟಿ ಕಾಲು ಇದ್ದರೂ ರಸ್ತೆಗೆ ಅದು ಲೆಕ್ಕಕ್ಕಿಲ್ಲ.

ಹಾಗಂತ ಇದು ಎಲ್ಲೋ ದೂರದ ಕಥೆ ಅಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಗಂಟೆಗೆ 19. ಅವರಲ್ಲಿ ಮೂರನೇ ಎರಡು ಭಾಗ 18ರಿಂದ 45 ವಯಸ್ಸಿನವರು. ಅದೇ ವರ್ಷ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಡ್ರೈವರ್‌ಗಳಲ್ಲ, ಪ್ಯಾಸೆಂಜರ್‌ಗಳು. ಹಿಂದಿನ ಸೀಟಲ್ಲಿ ಮೂವರು ಒಬ್ಬರ ಮೇಲೊಬ್ಬರು ಒರಗಿ ಮಲಗುವಾಗ ಬೆಲ್ಟ್ ಯಾರು ಹಾಕ್ತಾರೆ ಹೇಳಿ?

'ಆದರೆ...' ಅನ್ನೋವರಿಗೆ

ಇದನ್ನ ಕ್ಯಾಂಟೀನ್‌ನಲ್ಲಿ ಹೇಳಿದಾಗ ಬಂದ ಉತ್ತರಗಳು ಇವು.

'ಕಾಫಿ ಕುಡಿದ್ರಾಯ್ತು.' ಕಾಫಿ ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಏರೋಕೆ ಅರ್ಧ ಗಂಟೆ ಬೇಕು, ಆಮೇಲೂ ಅದು ನಿದ್ದೆಯ ಸಾಲ ತೀರಿಸಲ್ಲ, ಸ್ವಲ್ಪ ಮುಂದಕ್ಕೆ ಹಾಕುತ್ತೆ. ಕಿಟಕಿ ಇಳಿಸೋದು, ಜೋರಾಗಿ ಹಾಡು ಹಾಕೋದು ಅಷ್ಟೂ ಮಾಡಲ್ಲ. ನಿಜಕ್ಕೂ ನಿದ್ದೆ ಬಂದರೆ ಕೆಲಸಕ್ಕೆ ಬರೋದು ಒಂದೇ: ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಇಪ್ಪತ್ತು ನಿಮಿಷ ಮಲಗೋದು.

'ನಮಗೆ ಅಭ್ಯಾಸ ಇದೆ, ಸಬ್ಮಿಷನ್ ಹಿಂದಿನ ದಿನ ಮಲಗೋದೇ ಇಲ್ಲ.' ಹೌದು. ಆ ರಾತ್ರಿ ಬರೆದ ರೆಕಾರ್ಡ್ ತೆಗೆದು ನೋಡಿ, ಒಂದೇ ರೀಡಿಂಗ್ ಎರಡು ಸಲ ಬರೆದಿರ್ತೀವಿ. ರೆಕಾರ್ಡಿಗೆ ವೈಟ್‌ನರ್ ಇದೆ. ನಿದ್ದೆಗಣ್ಣಿನ ಅಪಘಾತಗಳಲ್ಲಿ ಜಾಸ್ತಿ ಸಿಗೋದು ಎಳೆ ವಯಸ್ಸಿನ ಡ್ರೈವರ್‌ಗಳೇ ಅನ್ನೋದು ಹಲವು ದೇಶಗಳಲ್ಲಿ ಕಂಡುಬಂದಿರೋ ವಿಷಯ. ಇನ್ನೂ ಒಂದಿದೆ. ಕಾರಿನ ಲೈಸೆನ್ಸ್ ಸಿಗೋದು 18ಕ್ಕೆ. ನಾವೀಗ 19. ಅಂದ್ರೆ ನಮ್ಮ ಕ್ಲಾಸಿನ ಅತಿ ಅನುಭವಿ ಡ್ರೈವರ್‌ಗೂ ಎರಡು ವರ್ಷದ ಅನುಭವ ಇಲ್ಲ.

'ಬೈಕಲ್ಲಿ ಹೋದ್ರೆ ನಿದ್ದೆ ಬರಲ್ಲ.' ಬರುತ್ತೆ. ಅದೂ ಅಲ್ಲದೆ 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಮುಖ್ಯ ಹೆದ್ದಾರಿಯಲ್ಲಿ ಬೈಕ್‌ಗೆ ಪ್ರವೇಶ ಇಲ್ಲ, ಸರ್ವೀಸ್ ರೋಡೇ ಗತಿ. ಅಲ್ಲಿ ಅಡ್ಡ ಬರೋ ಟ್ರಾಕ್ಟರ್, ಎದುರು ಬರೋ ಸ್ಕೂಟರ್, ಎಲ್ಲಾ ಇರುತ್ತೆ. ನಿದ್ದೆಗೆಟ್ಟ ಕಣ್ಣಿಗೆ ಅದು ಇನ್ನೂ ಕಷ್ಟ.

'ಓಡದೆ ಬರೀ ಡ್ರೈವ್ ಮಾಡೋಕೆ ಯಾರು ಬರ್ತಾರೆ?' ಇದು ಮಾತ್ರ ನಿಜವಾದ ಪ್ರಶ್ನೆ. ಇದಕ್ಕೆ ನಮ್ಮ ಉತ್ತರ: ಬರೋ ಹಾಗೆ ನಾವು ಮಾಡಬೇಕು. ನಮ್ಮ ಟ್ರಿಪ್‌ನಲ್ಲಿ ಪೆಟ್ರೋಲ್, ಟೋಲ್, ರೂಮ್ ಎಲ್ಲಾ ನಾಲ್ಕೇ ಭಾಗ ಆಯ್ತು, ಅವಳದ್ದು ಫ್ರೀ. ತಲೆಗೆ ಜಾಸ್ತಿ ಬಿದ್ದದ್ದು ಒಂದು ಪಿಜ್ಜಾದ ದುಡ್ಡು. ಫೋಟೋಗಳಲ್ಲಿ ಅವಳಿಲ್ಲ, ಯಾಕಂದ್ರೆ ತೆಗೆದದ್ದೇ ಅವಳು. 'ನೀನು ಓಡಲಿಲ್ವಾ? ಮತ್ತೆ ಯಾಕೆ ಹೋಗಿದ್ದೆ?' ಅಂತ ಕ್ಲಾಸಲ್ಲಿ ಹತ್ತು ಜನ ಕೇಳಿದ್ರಂತೆ. ಈ ಪ್ರಶ್ನೆ ಕೇಳೋದನ್ನ ಮೊದಲು ನಿಲ್ಲಿಸಬೇಕು. ನಾಲ್ಕು ಜನ 21 ಕಿಲೋಮೀಟರ್ ಓಡಿ ಬಂದಿದ್ದಾರೆ, ಅವಳು ಆ ನಾಲ್ಕು ಜನರನ್ನ ಮನೆಗೆ ತಂದಿದ್ದಾಳೆ. ಯಾವುದು ದೊಡ್ಡ ಕೆಲಸ?

ಏನು ಮಾಡಬಹುದು

ನಮ್ಮ ಸಲಹೆಗಳು ಕಷ್ಟದವಲ್ಲ.

ಒಂದು, ರಿಜಿಸ್ಟ್ರೇಷನ್ ದುಡ್ಡು ಕಟ್ಟೋ ಮುಂಚೆ ವಾಪಸ್ ಡ್ರೈವರ್ ಯಾರು ಅಂತ ಗ್ರೂಪ್‌ನಲ್ಲಿ ಹೆಸರು ಹಾಕಿ. ಓಡದವರು ಯಾರೂ ಸಿಗದಿದ್ದರೆ ಕಾರು ಬೇಡ.

ಎರಡು, ಮೈಸೂರು ಕಡೆಯ ಓಟಗಳಿಗೆ ರೈಲು ಇದೆ. ಮೈಸೂರಿನಿಂದ ಬೆಂಗಳೂರಿಗೆ ದಿನವಿಡೀ ರೈಲು, ಬಸ್ ಸಿಗುತ್ತೆ. ನಿದ್ದೆ ಮಾಡ್ಕೊಂಡೇ ಬರಬಹುದು. ರೋಡ್ ಟ್ರಿಪ್ ಮಜಾ ಹೋಯ್ತು ಅನ್ನಿಸಿದರೆ ಶನಿವಾರ ಹೋಗುವಾಗಿನ ರೈಲಲ್ಲಿ ಅಂತ್ಯಾಕ್ಷರಿ ಆಡಿ. ಕಾರಿಗಿಂತ ಕೇಳುಗರು ಜಾಸ್ತಿ.

ಮೂರು, ಕಾರೇ ಬೇಕು, ಎಲ್ಲರೂ ಓಡಲೇಬೇಕು ಅಂದ್ರೆ ಭಾನುವಾರ ರಾತ್ರಿನೂ ರೂಮ್ ಮಾಡಿ. ಮಲಗಿ, ಸೋಮವಾರ ಬೆಳಗ್ಗೆ ಬನ್ನಿ.

ನಾಲ್ಕು, ಹಿಂದಿನ ಸೀಟಲ್ಲೂ ಬೆಲ್ಟ್. ಇದಕ್ಕೆ ವಿವರಣೆ ಬೇಡ.

ಐದನೆಯದು ನಮಗಲ್ಲ, ಕಾಲೇಜಿಗೆ ಮತ್ತು ಹಾಸ್ಟೆಲ್‌ಗೆ. ಭಾನುವಾರ ರಾತ್ರಿ ಗೇಟ್ ಮುಚ್ಚೋ ಹೊತ್ತಿಗೆ ಒಳಗಿರಬೇಕು ಅನ್ನೋ ನಿಯಮ ನಮ್ಮ ಸುರಕ್ಷತೆಗೇ ಮಾಡಿದ್ದು, ಗೊತ್ತು. ಹುಡುಗೀರ ಹಾಸ್ಟೆಲ್‌ನಲ್ಲಿ ಇದು ಇನ್ನೂ ಬಿಗಿ. ಆದರೆ ಓಟದ ದಿನ ಈ ನಿಯಮ ತಲೆಕೆಳಗಾಗುತ್ತೆ. ಮಧ್ಯಾಹ್ನ ಎರಡು ಗಂಟೆ ಮಲಗಿ ಸಂಜೆ ನಿಧಾನಕ್ಕೆ ಹೊರಡಬೇಕಾದವರು ಗೇಟಿನ ಟೈಮ್ ನೋಡ್ಕೊಂಡು ನಿದ್ದೆಗಣ್ಣಲ್ಲೇ ಆಕ್ಸಿಲರೇಟರ್ ಒತ್ತುತ್ತಾರೆ. ಸೋಮವಾರ ಮೊದಲನೇ ಪೀರಿಯಡ್ ಲ್ಯಾಬ್ ಇದ್ದರೆ, ಅಟೆಂಡೆನ್ಸ್ 85%ರ ಅಂಚಲ್ಲಿದ್ದರೆ, ಇನ್ನೂ ಒತ್ತುತ್ತಾರೆ. ಬಿಬ್ ನಂಬರ್ ಮತ್ತು ಮನೆಯವರ ಒಪ್ಪಿಗೆ ತೋರಿಸಿದವರಿಗೆ ಸೋಮವಾರ ಬೆಳಗ್ಗೆವರೆಗೆ ಔಟ್‌ಪಾಸ್ ಕೊಡಿ, ಒಂದು ಲ್ಯಾಬ್ ಬೇರೆ ಬ್ಯಾಚ್ ಜೊತೆ ಮಾಡೋಕೆ ಬಿಡಿ. ಹಬ್ಬಕ್ಕೆ ಊರಿಗೆ ಹೋದವರಿಗೆ ಈಗಲೂ ಇಷ್ಟು ವಿನಾಯ್ತಿ ಸಿಗುತ್ತೆ. ಬೇಕಾದರೆ ಕಾಲೇಜೇ ಒಂದು ಬಸ್ ಕೊಡಲಿ, ಟೆಕ್ ಫೆಸ್ಟ್‌ಗೆ ಕೊಡೋ ಹಾಗೆ. ಒಬ್ಬ ನಿದ್ದೆ ಮಾಡಿದ ಡ್ರೈವರ್, ಐವತ್ತು ಜನ ನಿದ್ದೆ ಮಾಡುತ್ತಿರೋ ಓಟಗಾರರು. ಇದಕ್ಕಿಂತ ಒಳ್ಳೆ ವ್ಯವಸ್ಥೆ ನಮಗೆ ಹೊಳೀತಿಲ್ಲ.

ಮುಂದಿನ ಸೀಸನ್‌ಗೆ ಗ್ರೂಪ್‌ಗಳು ಈಗಾಗಲೇ ಶುರುವಾಗಿವೆ. ನಮ್ಮ ಗುಂಪಿನಿಂದ ಮಲ್ನಾಡ್ ಕಡೆ ಕಣ್ಣು ಹಾಕಿರೋರು ಇದ್ದಾರೆ. ಅಲ್ಲಿ ದೂರ ಜಾಸ್ತಿ, ವಾಪಸ್ ದಾರಿಯೂ ಜಾಸ್ತಿ. ಈ ಸಲ ಓಡ್ತೀನಿ ಅಂತ ಆ ಗೆಳತಿ ಹೆಸರು ಕೊಟ್ಟಿದ್ದಾಳೆ, ಹಾಗಾಗಿ ಡ್ರೈವರ್ ಸರದಿ ನಮ್ಮಲ್ಲೊಬ್ಬರದ್ದು. ಚೀಟಿ ಎತ್ತಿದ್ದೂ ಆಗಿದೆ. ಚೀಟಿ ಬಂದವನು ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ, ಆಮೇಲೆ ಚಿಕ್ಕಮಗಳೂರಲ್ಲಿ ಕಾಫಿ ಎಲ್ಲಿ ಚೆನ್ನಾಗಿರುತ್ತೆ ಅಂತ ಹುಡುಕ್ತಾ ಕೂತ. ನಿಮ್ಮ ಗ್ರೂಪ್‌ನಲ್ಲೂ ಶೂ ಬಗ್ಗೆ ಚರ್ಚೆ ಶುರುವಾಗೋ ಮುಂಚೆ ಒಂದು ಚೀಟಿ ಎತ್ತಿ.